ಎಡಗಡೆಯ ಗಾಲಿ

ನಮ್ಮ ಶಾಲೆಯ ವಿಜ್ಞಾನದ ಕಪಾಟಿನಲ್ಲಿ ಒಂದು ಸುಟ್ಟ ಬೇರಿಂಗ್ ಇದೆ. ಲಿಟ್ಮಸ್ ಕಾಗದದ ಡಬ್ಬಿ, ಒಡೆದ ಪ್ರಿಸಮ್ಮು, ವರ್ನಿಯರ್ ಕ್ಯಾಲಿಪರ್ಸ್, ಅವುಗಳ ಪಕ್ಕದಲ್ಲೇ ಅದೂ ಕೂತಿದೆ. ಹೊಸದಾಗಿ ಬಂದ ಹುಡುಗರು ಪ್ರತಿ ವರ್ಷ ಕೇಳುತ್ತಾರೆ, "ಸರ್, ಇದ್ಯಾಕ ಇಲ್ಲಿ ಇಟ್ಟೀರಿ? ಭಂಗಾರದವಂಗ ಹಾಕಿದ್ರ ರೊಕ್ಕ ಬರ್ತಾವಲ್ಲ?" ಅಂತ. ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು. ಇದು ನನ್ನ ತಪ್ಪಿನ ಕಥೆ. ಹಾಗಾಗಿ ಬರೆಯಲು ಇಷ್ಟು ದಿನ ಬೇಕಾಯಿತು.

ನಮ್ಮ ಮನೆಯಲ್ಲಿ ಒಂದು ಹಳೆಯ ಮಹೀಂದ್ರಾ ಜೀಪ್ ಇದೆ. ಫೋರ್ ವ್ಹೀಲ್ ಡ್ರೈವ್. ಅಪ್ಪ ತೊಂಬತ್ತರ ದಶಕದಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ದುಧನಿ ಸುತ್ತಲಿನ ಹೊಲ ನೋಡಿದವರಿಗೆ ಈ ಜೀಪು ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ನಮ್ಮದು ಅಪ್ಪಟ ಎರೆಭೂಮಿ. ತೊಗರಿಗೆ ಚಿನ್ನ, ಗಾಲಿಗೆ ವೈರಿ. ಮಿರಗದ ಮಳೆ ಎರಡು ದಿನ ಹೊಡೆಯಿತೆಂದರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಅಂಟುತ್ತದೆ. ಮೋಟಾರ್ ಸೈಕಲ್ಲಿನ ಮಡ್‌ಗಾರ್ಡಿನಲ್ಲಿ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಅಂಥಲ್ಲಿ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿಯೊಂದೇ ಗತಿ. 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಕಂಪನಿ ಕಟ್ಟಿದ ಗಾಡಿಯ ವಂಶ ಇದು. ಸ್ವಾತಂತ್ರ್ಯದ ಹೊಸದರಲ್ಲಿ ಅದರ ಬಿಡಿಭಾಗ ತಂದು ಮುಂಬೈಯಲ್ಲಿ ಜೋಡಿಸಲು ಶುರುಮಾಡಿದರು. ಯುದ್ಧಕ್ಕೆ ಹುಟ್ಟಿದ ಗಾಡಿ ನಮ್ಮಲ್ಲಿ ತೊಗರಿ ಚೀಲ ಹೊತ್ತುಕೊಂಡು ಸುಖವಾಗಿತ್ತು!

ಅಪ್ಪ ಬಂಡಿ ಹೊಡೆದು ಬೆಳೆದವರು. ಬಂಡಿಯ ಇರಸಿಗೆ ಕೀಲೆಣ್ಣೆ ಹಾಕುವುದು ಅವರಿಗೆ ಪೂಜೆಯಷ್ಟೇ ಮುಖ್ಯ. "ಕೀಲೆಣ್ಣಿ ಹಾಕ್ದವ್ನ ಬಂಡಿ ಎಳದ ಎತ್ತು ಅವನ್ನ ಬೈಕೋತ ಎಳೀತಾವ" ಅನ್ನುತ್ತಿದ್ದರು. ಜೀಪಿಗೂ ಅದೇ ನಿಯಮ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ನಾಲ್ಕೂ ಗಾಲಿ ಬಿಚ್ಚಿಸಿ ಗ್ರೀಸ್ ಬದಲಿಸುತ್ತಿದ್ದರು. ಅಪ್ಪ ಹೋದ ಮೇಲೆ ಜೀಪು ನನ್ನ ಪಾಲಿಗೆ ಬಂತು, ನಿಯಮ ಬರಲಿಲ್ಲ. ಶಾಲೆ, ಮೌಲ್ಯಮಾಪನ, ಚುನಾವಣೆ ಡ್ಯೂಟಿ.... ಒಂದು ವರ್ಷ ಬಿಟ್ಟೆ. ಮುಂದಿನ ವರ್ಷ ಗ್ಯಾರೇಜಿನ ಹುಡುಗನಿಗೆ, "ಬಿಚ್ಚೂದೇನ್ ಬ್ಯಾಡ ತಮ್ಮಾ, ಮ್ಯಾಲ ಕ್ಯಾಪಿನ್ಯಾಗ ಒಂದಿಷ್ಟು ಗ್ರೀಸ್ ತುಂಬಿ ಬಿಡು" ಅಂದೆ. ಅವನು ನಾನು ಹೇಳಿದಷ್ಟೇ ಮಾಡಿದ. ಅವನದೇನೂ ತಪ್ಪಿಲ್ಲ.

2024ರ ಜುಲೈ. ಮಧ್ಯಾಹ್ನದಿಂದ ಹಿಡಿದ ಮಳೆ ಶಾಲೆ ಬಿಡುವ ಹೊತ್ತಿಗೂ ನಿಂತಿರಲಿಲ್ಲ. ದೂರದ ವಸ್ತಿಯಿಂದ ಬರುವ ನಾಲ್ಕು ಮಕ್ಕಳು ವರಾಂಡದಲ್ಲಿ ನಿಂತಿದ್ದವು. ನಡುವೆ ಒಂದು ಹಳ್ಳ. ಅದು ಬಂದರೆ ದೊಡ್ಡವರಿಗೂ ದಾಟುವುದು ಕಷ್ಟ. ಹೀಗೆ ಮಳೆ ಬಂದಾಗಲೆಲ್ಲ ನಾನೇ ಜೀಪಿನಲ್ಲಿ ಅವರನ್ನು ಬಿಟ್ಟು ಬರುವುದು ರೂಢಿಯಾಗಿತ್ತು. ಆ ದಿನ ಹಳ್ಳದಲ್ಲಿ ನೀರು ಮೊಣಕಾಲುದ್ದ ಇತ್ತು, ಸೆಳವು ಇರಲಿಲ್ಲ. ಫೋರ್ ವ್ಹೀಲ್ ಗಿಯರ್ ಹಾಕಿ ದಾಟಿಸಿದೆ.

ಕೆಲವು ವಾರಗಳಿಂದ ಎಡಗಡೆಯ ಮುಂದಿನ ಗಾಲಿಯಿಂದ ಗುಂಯ್ ಅಂತ ಒಂದು ಸದ್ದು ಬರುತ್ತಿತ್ತು. ಸ್ಟೇರಿಂಗ್ ತಿರುಗಿಸಿದಾಗ ಕಟ್ ಕಟ್ ಅನ್ನುತ್ತಿತ್ತು. ಹಳೇ ಗಾಡಿ, ಸದ್ದು ಮಾಡದೆ ಇನ್ನೇನು ಮಾಡೀತು ಅಂದುಕೊಂಡಿದ್ದೆ. ಹಳ್ಳ ದಾಟಿ ವಸ್ತಿಯ ದಾರಿ ಹಿಡಿದಾಗ ಸದ್ದು ಒಮ್ಮೆಲೇ ಬದಲಾಯಿತು. ಕಲ್ಲು ಅರೆದ ಹಾಗೆ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯಿತು. ಹಿಂದೆ ಕೂತ ಹುಡುಗಿಯೊಬ್ಬಳು, "ಸರ್, ಏನೋ ಸುಟ್ಟ ವಾಸ್ನಿ ಬರ್ಲಕತ್ತದ" ಅಂದಳು.

ಇಳಿದು ನೋಡಿದೆ. ಗಾಲಿ ಮೇಲ್ಗಡೆ ಹೊರಕ್ಕೆ ವಾಲಿತ್ತು. ಹಬ್ಬಿನ ಮೇಲೆ ಬಿದ್ದ ಮಳೆಹನಿ ಹಂಚಿನ ಮೇಲೆ ಬಿದ್ದಂತೆ ಚುಂಯ್ ಅನ್ನುತ್ತಿತ್ತು. ಬುದ್ಧಿಯಿಲ್ಲದೆ ಕೈ ಇಟ್ಟೆ, ಎರಡು ಬೆರಳು ಸುಟ್ಟವು. ಮಕ್ಕಳನ್ನು ಇಳಿಸಿ ಛತ್ರಿ ಕೊಟ್ಟು ಉಳಿದ ದಾರಿಯನ್ನು ನಡೆಸಿಕೊಂಡೇ ಮನೆ ಮುಟ್ಟಿಸಿದೆ. ಅವರ ಮನೆಯವರು ಚಹಾ ಕುಡಿದು ಹೋಗಿ ಸರ್ ಅಂದರು. ಗಂಟಲಲ್ಲಿ ಇಳಿಯಲಿಲ್ಲ. ಅದೇ ಗಾಲಿ ಹಳ್ಳದ ನಡುವೆ ಕಳಚಿಕೊಂಡಿದ್ದರೆ? ಈ ಪ್ರಶ್ನೆ ಆ ರಾತ್ರಿ ನಿದ್ದೆ ಮಾಡಗೊಡಲಿಲ್ಲ.

ಬೆಳಿಗ್ಗೆ ಅಣ್ಣ, "ಇದನ್ನ ಭಂಗಾರಕ್ಕ ಹಾಕಿಬಿಡು. ಅಪ್ಪನ ನೆನಪು ಅಂತ ಜೀವಾ ಕಳ್ಕೋತೀ ಏನು?" ಅಂದ. ನಾನು ಉತ್ತರ ಕೊಡದೆ ಜಾಕು, ಪಾನಾ ತೆಗೆದುಕೊಂಡು ಜೀಪು ನಿಂತಲ್ಲಿಗೆ ಹೋದೆ. ಗಾಲಿಯನ್ನಾದರೂ ಬಿಚ್ಚಿ ನೋಡೋಣ ಅಂತ. ನಟ್ಟು ಜಪ್ಪಯ್ಯ ಅನ್ನಲಿಲ್ಲ. ಪಾನಾದ ಮೇಲೆ ನಿಂತು ಜಿಗಿದೆ. ಟಪ್ ಅಂತ ಸ್ಟಡ್ಡೇ ಮುರಿಯಿತು! ಇನ್ನು ನನ್ನ ಕೈಯಲ್ಲಿ ಆಗುವುದಿಲ್ಲ ಅಂತ ಗೊತ್ತಾಯಿತು. ಹಳೇ ಜೀಪಿನ ಕೆಲಸ ಚೆನ್ನಾಗಿ ಗೊತ್ತಿರುವ ಮಿಸ್ತ್ರಿ ಯಾರು ಅಂತ ಕೇಳಿದರೆ ಎಲ್ಲರೂ ಒಂದೇ ಹೆಸರು ಹೇಳಿದರು. ಆ ಹೆಸರು ಕೇಳಿ ನನಗೆ ಸ್ವಲ್ಪ ಮುಜುಗರವೇ ಆಯಿತು.

ಅವನು ನನ್ನ ವಿದ್ಯಾರ್ಥಿ. ಹದಿನೈದು ವರ್ಷದ ಹಿಂದೆ ನಮ್ಮ ಕನ್ನಡ ಮಾಧ್ಯಮದಲ್ಲೇ ಹತ್ತನೇ ಇಯತ್ತೆ ಮುಗಿಸಿದವನು. ಹೆಸರು ಬೇಡ, ಮಿಸ್ತ್ರಿ ಅಂತಲೇ ಕರೆಯುತ್ತೇನೆ. ಹಿಂದಿನ ಬೆಂಚು. ವಹಿಯ ತುಂಬ ಟ್ರ್ಯಾಕ್ಟರ್ ಚಿತ್ರ. ಒಂದು ದಿನ ಪಾಠದ ನಡುವೆ ಸಿಟ್ಟು ಬಂದು ಇಡೀ ವರ್ಗದ ಎದುರಿಗೆ, "ನೀ ಗ್ಯಾರೇಜಿನ್ಯಾಗ ಪಾನಾ ಹಿಡಿಯಾಕ ಲಾಯಕ್ಕ ಇದ್ದಿ ನೋಡು" ಅಂದಿದ್ದೆ. ಹುಡುಗರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗು ನನಗೆ ಆಗಾಗ ನೆನಪಾಗುತ್ತಿತ್ತು.

ಫೋನ್ ಮಾಡಿದ ಅರ್ಧ ತಾಸಿಗೆ ಬಂದ. ಮುರಿದ ಸ್ಟಡ್ ನೋಡಿ ನಗು ತಡೆದುಕೊಂಡು, "ಸರ್, ಎಡಗಡೆ ಗಾಲಿ ನಟ್ಟು ಉಲ್ಟಾ ತಿರಗ್ತಾವ್ರಿ. ನೀವು ಬಿಚ್ಲಿಕ್ಕಿಲ್ಲ, ಬಿಗೀ ಮಾಡ್ಲಕತ್ತಿದ್ರಿ" ಅಂದ. ಉಳಿದ ಸ್ಟಡ್ಡೊಂದರ ತುದಿ ಒರೆಸಿ ತೋರಿಸಿದ. ಅದರ ಮೇಲೆ ಇಂಗ್ಲಿಷಿನ ಎಲ್ ಅಕ್ಷರ ಕೊರೆದಿತ್ತು. ಎಡಗಡೆಯ ಗಾಲಿ ಮುಂದಕ್ಕೆ ಉರುಳುವಾಗ ನಟ್ಟು ತಾನಾಗಿ ಸಡಿಲಾದೀತು ಅನ್ನುವ ಭಯಕ್ಕೆ ಹಳೆಯ ಗಾಡಿಗಳಲ್ಲಿ ಆ ಕಡೆ ಉಲ್ಟಾ ಸುತ್ತು ಕೊಡುತ್ತಿದ್ದರಂತೆ. ನಟ್ಟಿನ ಬುಡ ಶಂಕುವಿನ ಹಾಗೆ ಇಳಿಜಾರಾಗಿದ್ದರೆ ಅದೇ ಕಚ್ಚಿ ಹಿಡಿಯುತ್ತದೆ ಅಂತ ಅನುಭವದಿಂದ ಗೊತ್ತಾದ ಮೇಲೆ ಈಗಿನ ಗಾಡಿಗಳಲ್ಲಿ ಎರಡೂ ಕಡೆ ಒಂದೇ ನಮೂನೆ. ಅಪ್ಪನ ಜೊತೆ ಇಷ್ಟು ವರ್ಷ ಈ ಜೀಪಿನಲ್ಲಿ ಓಡಾಡಿದ ನನಗೆ ಇದೇ ಗೊತ್ತಿರಲಿಲ್ಲ.

ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಎಕ್ಸೆಲ್ಲಿನ ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟ. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಬಾರದು ಅಂದ. ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಲಟಲಟ ಅಂತು. "ಸರ್, ಈಗ ಬ್ರೇಕ್ ಒತ್ರಿ." ಒತ್ತಿದೆ. ಮತ್ತೆ ಅಲ್ಲಾಡಿಸಿದ. ಅಲುಗಾಟ ಬಹುಪಾಲು ನಿಂತಿತ್ತು. "ಹಂಗಾದ್ರ ಕಿಂಗ್ ಪಿನ್ ಛಲೋ ಅದ. ಹೋಗಿದ್ದು ಗಾಲಿ ಬೇರಿಂಗು" ಅಂದ. ನಾನು ಬೆರಗಾದೆ. ಬ್ರೇಕ್ ಒತ್ತಿದಾಗ ತಿರುಗುವ ಡ್ರಮ್ಮು ತಿರುಗದ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ. ಅವೆರಡರ ನಡುವಿನ ಬೇರಿಂಗಿನ ಸಡಿಲು ಆಗ ಕಾಣಿಸುವುದಿಲ್ಲ. ಹಾಗೆ ಮಾಡಿದರೂ ಗಾಲಿ ಅಲುಗಾಡಿದರೆ ದೋಷ ಇನ್ನೂ ಒಳಗೆ, ಗಾಲಿ ಎಡಬಲಕ್ಕೆ ಹೊರಳುವ ಕಿಂಗ್ ಪಿನ್ನಿನಲ್ಲಿ. ಒಂದು ಸಂಗತಿಯನ್ನು ತಡೆದು ಇನ್ನೊಂದನ್ನು ಪರೀಕ್ಷಿಸುವುದು, ಇದನ್ನೇ ಅಲ್ಲವೆ ನಾವು ಪ್ರಯೋಗ ಅನ್ನುವುದು!

ಇನ್ನು ಒಳಗಿನ ರಚನೆ. ಬಂಡಿ ಕಂಡ ಮಕ್ಕಳಿಗೆ ಇದು ಸುಲಭ. ಬಂಡಿಯಲ್ಲಿ ಇರಸು ತಿರುಗುವುದಿಲ್ಲ, ಅದರ ತುದಿಯ ಮೇಲೆ ಗಾಲಿಯ ಗುಂಬ ತಿರುಗುತ್ತದೆ. ಜೀಪಿನ ಸ್ಪಿಂಡಲ್ ಅಂದರೆ ಆ ಇರಸಿನ ತುದಿ ಇದ್ದ ಹಾಗೆ. ಅದೂ ತಿರುಗುವುದಿಲ್ಲ. ಅದರ ಮೇಲೆ ಎರಡು ಬೇರಿಂಗ್, ಒಂದು ಒಳಗಿನದು, ಒಂದು ಹೊರಗಿನದು. ಅವುಗಳ ಮೇಲೆ ಹಬ್ಬು. ಆದರೆ ಫೋರ್ ವ್ಹೀಲ್ ಗಾಡಿಯಲ್ಲಿ ಮುಂದಿನ ಗಾಲಿಗೂ ಬಲ ಮುಟ್ಟಬೇಕಲ್ಲ? ಅದಕ್ಕಾಗಿ ಸ್ಪಿಂಡಲ್ಲನ್ನು ಕೊಳವೆಯ ಹಾಗೆ ಟೊಳ್ಳು ಮಾಡಿರುತ್ತಾರೆ. ಎಕ್ಸೆಲ್ ಆ ಟೊಳ್ಳಿನೊಳಗಿಂದ ಹಾದು ಹೊರಗೆ ಬಂದು ಹಬ್ಬಿಗೆ ಕೂಡುತ್ತದೆ. ಕೊಳವೆಯ ಒಳತುದಿಯಲ್ಲಿ ಒಂದು ಹಿತ್ತಾಳೆ ಬಣ್ಣದ ಬಳೆ, ಅದೇ ಬುಷ್. ಎಕ್ಸೆಲ್ ನಟ್ಟನಡುವೆ ನಿಂತು ತಿರುಗಲಿ ಅಂತ ಅದು. ಬೇರೆ ಕೆಲವು ಗಾಡಿಗಳಲ್ಲಿ ಬುಷ್ ಬದಲಿಗೆ ಸೂಜಿಯಂಥ ಸಣ್ಣ ರೋಲರಿನ ಬೇರಿಂಗ್ ಇರುತ್ತದೆ. ನಮ್ಮ ಜೀಪಿಗೆ ಬೇಕಾದಾಗ ಎಕ್ಸೆಲ್ ಬಿಡಿಸುವ ಲಾಕಿಂಗ್ ಹಬ್ ಇಲ್ಲ. ಹಾಗಾಗಿ ಫೋರ್ ವ್ಹೀಲ್ ಹಾಕಲಿ ಬಿಡಲಿ, ಗಾಲಿ ತಿರುಗಿದಾಗಲೆಲ್ಲ ಎಕ್ಸೆಲ್ಲೂ ಆ ಬುಷ್ಷಿನಲ್ಲಿ ತಿರುಗುತ್ತಲೇ ಇರುತ್ತದೆ.

ಮಿಸ್ತ್ರಿ ಡಸ್ಟ್ ಕ್ಯಾಪ್ ತೆಗೆದ. ನಾನು ತುಂಬಿಸಿದ್ದ ಗ್ರೀಸ್ ಅಲ್ಲಿಯೇ ಹಾಗೇ ಇತ್ತು, ಹೊಸದರ ಹಾಗೆ ಹೊಳೆಯುತ್ತ. ಒಂದು ಬೊಟ್ಟಿನಷ್ಟೂ ಒಳಗೆ ಹೋಗಿರಲಿಲ್ಲ. ಅವನು ಏನೂ ಅನ್ನಲಿಲ್ಲ. ನಾನೇ, "ಅದು ನಾ ಹಚ್ಚಿಸಿದ್ದು" ಅಂದೆ. "ಗೊತ್ತಾತ್ರಿ" ಅಂದ, ಅಷ್ಟೆ.

ಆರು ಬೋಲ್ಟ್ ಬಿಚ್ಚಿ ಫ್ಲ್ಯಾಂಜ್ ತೆಗೆದ. ಒಳಗೆ ಎರಡು ದೊಡ್ಡ ನಟ್ಟು, ನಡುವೆ ಲಾಕ್ ವಾಷರ್. ವಾಷರಿನ ಮಡಚಿದ ಅಂಚನ್ನು ನೆಟ್ಟಗೆ ಮಾಡಿ ಹೊರಗಿನ ನಟ್ಟು, ವಾಷರ್, ಒಳಗಿನ ನಟ್ಟು ಒಂದೊಂದಾಗಿ ತೆಗೆದು, ಇದ್ದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಹಬ್ಬು ಎಳೆದಾಗ ಹೊರಗಿನ ಬೇರಿಂಗ್ ಕೈಗೆ ಬಂತು. ಒಳಗಿನದು ಬರಲಿಲ್ಲ, ಸ್ಪಿಂಡಲ್ಲಿಗೆ ಬೆಸೆದ ಹಾಗೆ ಹಿಡಿದಿತ್ತು. ರೋಲರುಗಳನ್ನು ಹಿಡಿದಿಡುವ ಪಂಜರ ಚೂರುಚೂರಾಗಿತ್ತು. ಗ್ರೀಸು ಗ್ರೀಸಾಗಿರಲಿಲ್ಲ, ಹಾಲು ಹಾಕಿದ ಚಹಾದ ಬಣ್ಣದ ರಾಡಿಯಾಗಿತ್ತು. ಬೇರಿಂಗಿನ ಉಕ್ಕು ನವಿಲಿನ ಕತ್ತಿನ ಹಾಗೆ ನೀಲಿಗಟ್ಟಿತ್ತು. ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದಾಗ ಮೇಲ್ಮೈಯಲ್ಲಿ ತೆಳ್ಳನೆ ಆಕ್ಸೈಡಿನ ಪದರ ಕಟ್ಟಿ ಆ ಬಣ್ಣ ಬರುತ್ತದೆ ಅಂತ ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ನಾಲ್ಕು ಮಕ್ಕಳು ಕೂತ ಗಾಡಿಯ ಗಾಲಿಯಲ್ಲಿ ಆ ಬಣ್ಣ ಕಂಡಾಗ ಬೆವರು ಬಂತು.

"ನೀರು ಹೆಂಗ ಹೋತು? ಸೀಲ್ ಇರ್ತದಲ್ಲ?" ಅಂತ ಕೇಳಿದೆ. ಮಿಸ್ತ್ರಿ ಹೇಳಿದ ಮಾತು ಯಾವ ವಿಜ್ಞಾನ ಶಿಕ್ಷಕನೂ ಮರೆಯಬಾರದ್ದು. "ಸರ್, ಗಾಡಿ ಓಡಿ ಹಬ್ಬು ಕಾದಿರ್ತದ. ಒಳಗಿನ ಗಾಳೀನೂ ಕಾದಿರ್ತದ. ನೀವು ಸೀದಾ ಹಳ್ಳದಾಗ ಇಳಸ್ತೀರಿ. ತಣ್ಣೀರು ಬಡದ ಕೂಡ್ಲೆ ಒಳಗಿನ ಗಾಳಿ ಕುಗ್ತದ. ಕುಗ್ಗಿದ್ದು ಹೊರಗಿಂದು ಎಳಕೋತದ. ಹೊರಗ ಇರೋದು ನೀರಽ ಅಲ್ಲೇನ್ರಿ?" ಅನಿಲ ತಣಿದರೆ ಅದರ ಒತ್ತಡ, ಗಾತ್ರ ಇಳಿಯುತ್ತದೆ ಅನ್ನುವ ನಿಯಮವನ್ನು ಕಪ್ಪು ಹಲಗೆಯ ಮೇಲೆ ನೂರು ಸಲ ಬರೆದವನು ನಾನು. ಅದನ್ನು ಹಳ್ಳದಲ್ಲಿ ಕಂಡವನು ಅವನು.

ಸ್ಪಿಂಡಲ್ಲನ್ನು ಹಿಡಿದ ಆರು ಬೋಲ್ಟ್ ಬಿಚ್ಚಿ, ಬ್ರೇಕ್ ಪ್ಲೇಟನ್ನು ಪೈಪಿಗೆ ಭಾರ ಬೀಳದಂತೆ ತಂತಿಯಿಂದ ಮೇಲೆ ಕಟ್ಟಿದ. ಕಟ್ಟಿಗೆಯ ಕೊಡತಿಯಿಂದ ಸುತ್ತಲೂ ಮೆಲ್ಲಗೆ ಬಡಿದು ಸ್ಪಿಂಡಲ್ ಎಬ್ಬಿಸಿದ. ಬುಷ್ ಇರಬೇಕಾದ ಜಾಗದಲ್ಲಿ ಕಾಗದದಷ್ಟು ತೆಳ್ಳಗಿನ ಒಂದು ಚೂರು ಉಳಿದಿತ್ತು, ಒಂದೇ ಕಡೆ ಸವೆದು. ಈಗ ಕಥೆ ಪೂರ್ತಿ ತಿಳಿಯಿತು. ಮೊದಲು ಬುಷ್ ಸವೆದಿದೆ. ಎಕ್ಸೆಲ್ ನಡುವೆ ನಿಲ್ಲದೆ ಓಲಾಡಿ ಆಯಿಲ್ ಸೀಲನ್ನು ತಿಂದಿದೆ. ಸೀಲ್ ಹೋದ ಮೇಲೆ ನೀರು ಬಂದಿದೆ, ನೀರಿನಿಂದ ತುಕ್ಕು, ತುಕ್ಕಿನಿಂದ ಬೇರಿಂಗು. ಗುಂಯ್ ಅನ್ನುವ ಸದ್ದು ಕೊನೆಯ ಹಂತದ್ದು. ವರ್ಷಗಟ್ಟಲೆ ಮೊದಲೇ ಶುರುವಾದದ್ದು ಸದ್ದಿಲ್ಲದೆ ನಡೆದಿತ್ತು.

ಮರುದಿನ ಬೆಳಗಿನ ರೈಲಿಗೆ ಇಬ್ಬರೂ ಸೋಲಾಪುರಕ್ಕೆ ಹೋದೆವು. ಬೇರಿಂಗ್ ಸಿಗುವುದು ಕಷ್ಟವಾಗಲಿಲ್ಲ. ವಿಲ್ಲೀಸ್ ಕಾಲದಿಂದ ಬಂದ ಅದೇ ನಂಬರು, ಒಳಗಿನ ಕೋನಿಗೆ 18590, ಹೊರಗಿನ ಕಪ್ಪಿಗೆ 18520. ರೋಲರು ನೆಟ್ಟಗಿನ ಕಡ್ಡಿಯಂತಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. 1898ರಲ್ಲಿ ಹೆನ್ರಿ ಟಿಮ್ಕೆನ್ ಪೇಟೆಂಟ್ ಪಡೆದ ಮಾದರಿ. ಆತ ಕುದುರೆಗಾಡಿ ಕಟ್ಟುವವನು. ಗಾಡಿ ನೇರ ಹೋಗುವಾಗ ಭಾರ ಮೇಲಿಂದ ಬೀಳುತ್ತದೆ, ತಿರುವಿನಲ್ಲಿ ಪಕ್ಕದಿಂದಲೂ ಒತ್ತುತ್ತದೆ. ಇಳಿಜಾರಾದ ರೋಲರು ಎರಡನ್ನೂ ತಡೆಯುತ್ತದೆ.

ಸ್ಪಿಂಡಲ್ಲಿನ ಮಾತು ಬೇರೆ. ಬೇರಿಂಗ್ ಕೂರುವ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿತ್ತು. ವೆಲ್ಡಿಂಗ್ ತುಂಬಿಸಿ ಲೇಥಿನಲ್ಲಿ ಹೊಡೆಸಿದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಅಂತ ಒಬ್ಬರು ಹೇಳಿದರು. ನಾನು ಆಸೆಯಿಂದ ಮಿಸ್ತ್ರಿಯ ಮುಖ ನೋಡಿದೆ. "ಬ್ಯಾಡ್ರಿ ಸರ್. ಬರೇ ತೊಗರಿ ಹೇರೂ ಗಾಡಿ ಇದ್ರ ಹ್ಞೂಂ ಅಂತಿದ್ದೆ. ಇದು ಮಕ್ಕಳು ಕೂಡೂ ಗಾಡಿ" ಅಂದ. ಹಳೇ ಸಾಮಾನಿನ ಅಂಗಡಿಗಳಲ್ಲಿ ಮಧ್ಯಾಹ್ನದ ತನಕ ತಿರುಗಿ, ಸವೆಯದ ಒಂದು ಸ್ಪಿಂಡಲ್ ಹುಡುಕಿದ.

ಬುಷ್ ಮಾತ್ರ ಸರಿಯಾದ ಅಳತೆಯದು ಎಲ್ಲೂ ಸಿಗಲಿಲ್ಲ. ಗನ್ ಮೆಟಲ್ಲಿನಲ್ಲಿ ಮಾಡಿಸಬೇಕಾಯಿತು. 1877ರಲ್ಲಿ ಶುರುವಾದ ಜುನಿ ಮಿಲ್ಲಿನ ಊರು ಸೋಲಾಪುರ. ಗಿರಣಿಗಳು ಮುಚ್ಚಿದರೂ ಮಗ್ಗಗಳಿವೆ, ಲೇಥಿನ ಕೈಗಳಿವೆ. ಆ ಟರ್ನರ್ ಕಾಕಾ ಮನೆಯವರ ಜೊತೆ ಫೋನಿನಲ್ಲಿ ತೆಲುಗು, ಅಂಗಡಿಯ ಹುಡುಗನ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ! "ಅಳತೀ ಎಷ್ಟು ಹೇಳಪಾ" ಅಂದರು.

ಮಿಸ್ತ್ರಿ ಅವರ ವರ್ನಿಯರ್ ತೆಗೆದುಕೊಂಡ. ಎಕ್ಸೆಲ್ಲಿನ ಮೇಲೆ ಮೂರು ಕಡೆ ಇಟ್ಟು ನೋಡಿದ. ತುಟಿ ಅಲುಗಾಡುತ್ತಿದ್ದವು. "ಮುಖ್ಯ ಪಟ್ಟಿ ಇಷ್ಟು.... ಯಾವ ಗೆರಿ ಕೂಡ್ತು.... ಗುಣಿಸು.... ಕೂಡಿಸು...." ನನ್ನದೇ ಮಾತು. ಒಂಬತ್ತನೇ ಇಯತ್ತೆಯಲ್ಲಿ ನಾನು ಹೇಳಿಕೊಟ್ಟ ಕ್ರಮ, ನನ್ನದೇ ಧಾಟಿಯಲ್ಲಿ. ಕಾಕಾ ಬುಷ್ಷನ್ನು ಸ್ವಲ್ಪ ಬಿಗಿಯಾಗಿಯೇ ತಿರುವಿದರು. ಸ್ಪಿಂಡಲ್ಲಿಗೆ ಒತ್ತಿ ಕೂರಿಸಿದಾಗ ಅದರ ಒಳತೂತು ಕೂದಲೆಳೆಯಷ್ಟು ಕುಗ್ಗುತ್ತದೆ, ಆದ್ದರಿಂದ ಕೊನೆಯ ಅಳತೆಗೆ ಒಳಗಡೆ ಕೆರೆಯುವುದು ಕೂರಿಸಿದ ಮೇಲೆಯೇ. ಎಕ್ಸೆಲ್ ಹಾಕಿ ನೋಡಿದರೆ ಬೆರಳಲ್ಲಿ ತಿರುಗಬೇಕು, ಅಲ್ಲಾಡಬಾರದು.

ಚಹಾ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ. "ವರ್ನಿಯರ್ ಇಷ್ಟು ಛಲೋ ನೋಡ್ತಿ. ಐಟಿಐ ಯಾಕ ಬಿಟ್ಟಿ ತಮ್ಮಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಲ್ಲಿ ಪಾಠ ಮರಾಠಿ, ಪುಸ್ತಕ ಇಂಗ್ಲಿಷ್ ಇತ್ರಿ ಸರ್. ಮೊದಲ್ನೇ ತಿಂಗಳಽ ಮಾಸ್ತರ್ರು ಇದನ್ನಽ ಕೈಯಾಗ ಕೊಟ್ಟು ಏನೋ ಕೇಳಿದ್ರು. 'ಲಘುತ್ತಮ ಮಾಪ' ಅಂದ್ರು. ನಾ ಸುಮ್ನ ನಿಂತೆ. ಆಮ್ಯಾಲ ಬಾಜೂದವ ಉತ್ತರ ಕೊಟ್ಟಾಗ ಗೊತ್ತಾತು, ಅವ್ರು ಕೇಳಿದ್ದು ನನಗ ಬರ್ತಿತ್ತು. ಇಡೀ ವರ್ಗದಾಗ ನನಗಽ ಛಲೋ ಬರ್ತಿತ್ತು. ಗೊತ್ತಿತ್ರಿ, ಹೇಳಾಕ ಬರ್ಲಿಲ್ಲ. ಹಂಗಽ ದಿನಾ ಆತು. ಬಿಟ್ಟು ಗ್ಯಾರೇಜಿಗೆ ಹೋದೆ."

ಆಮೇಲೆ ನಕ್ಕು, "ನೀವು ಅಂದಿದ್ದು ಸುಳ್ಳಾಗ್ಲಿಲ್ಲ ಬಿಡ್ರಿ. ಪಾನಾ ಹಿಡದೆ" ಅಂದ.

ಅವನಿಗೆ ನೆನಪಿತ್ತು. ನಾನು, "ಅದು ಅನ್ನಬಾರದಾಗಿತ್ತು ತಮ್ಮಾ. ತಪ್ಪಾತು" ಅಂದೆ. "ಅಯ್ಯ ಹೋಗ್ಲಿ ಬಿಡ್ರಿ ಸರ್, ಪಾನಾ ಏನ್ ಕೆಟ್ಟದ್ದೇನು?" ಅಂದ. ಪಾನಾ ಕೆಟ್ಟದ್ದಲ್ಲ. ನಾನು ಅದನ್ನು ಬೈಗುಳ ಮಾಡಿದ್ದು ಕೆಟ್ಟದ್ದು. ಅವನು ಸೋತದ್ದು ಬುದ್ಧಿಯಲ್ಲಲ್ಲ, ಎರಡು ಶಬ್ದಗಳ ನಡುವಿನ ಒಂದು ಸಣ್ಣ ಸೇತುವೆ ಇಲ್ಲದ್ದಕ್ಕೆ. ಆ ಸೇತುವೆ ಕಟ್ಟಬೇಕಾದವನು ನಾನಾಗಿದ್ದೆ.

ಜೋಡಣೆಗೆ ನಾನೂ ಕೈ ಹಚ್ಚಿದೆ. ಬಲಗಡೆಯ ಗಾಲಿಯನ್ನೂ ಬಿಚ್ಚಿದೆವು. ಅಲ್ಲಿ ಬೇರಿಂಗ್ ಸರಿಯಿತ್ತು, ಬುಷ್ ಸವೆದಿತ್ತು, ಅದನ್ನೂ ಬದಲಿಸಿದೆವು. ಹಬ್ಬು, ನಟ್ಟು ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು ಒರೆಸಿದೆ. ಹಬ್ಬಿನ ಹಳೇ ಕಪ್ಪನ್ನು ಎದುರುಬದುರು ಬಡಿದು ಹೊರಹಾಕಿದ. ಹೊಸದನ್ನು ಕೂರಿಸಲು ಹಳೇ ಕಪ್ಪನ್ನೇ ಅದರ ಮೇಲಿಟ್ಟು ಬಡಿದ. "ಸದ್ದು ಕೇಳ್ರಿ ಸರ್" ಅಂದ. ಮೊದಲು ಟೊಳ್ಳು ಸದ್ದು ಬರುತ್ತಿತ್ತು, ಬುಡ ಮುಟ್ಟಿದ ಕೂಡಲೇ ಠಣ್ ಅಂತ ಗಟ್ಟಿಯಾಯಿತು. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲದ ಬಾಯಿಯನ್ನು ಅದಕ್ಕೆ ಒತ್ತಿ ಒತ್ತಿ ತುಂಬಬೇಕು, ರೋಲರುಗಳ ಸಂದಿಯಿಂದ ಆಚೆ ಕಡೆ ಹೊರಬರುವ ತನಕ. ಮೇಲೆ ಸವರಿದರೆ ಆಗುವುದಿಲ್ಲ. ಇದನ್ನು ಅವನು ಹೇಳಲಿಲ್ಲ, ಮಾಡಿ ತೋರಿಸಿದ. ನಾನು ತಲೆ ತಗ್ಗಿಸಿ ಕಲಿತೆ.

ಕೊನೆಯ ಕೆಲಸ ನಟ್ಟಿನ ಬಿಗಿ. ನನ್ನ ಕೈಗೇ ಕೊಟ್ಟ. "ಗಾಲಿ ತಿರುಗಿಸ್ಕೋತ ಬಿಗೀ ಮಾಡ್ರಿ. ಗಾಲಿ ಹಿಡದಂಗಾಗ್ತದ. ಆವಾಗ ಆರರಾಗ ಒಂದು ಸುತ್ತು ಹಿಂದಕ್ಕ." ನಟ್ಟಿಗೆ ಆರು ಮುಖ. ಒಂದು ಮುಖ ಹಿಂದಕ್ಕೆ ಅಂದರೆ 60 ಡಿಗ್ರಿ. ಬಿಗಿಯಾಗಿಯೇ ಬಿಟ್ಟರೇನು ಅಂತ ಕೇಳಿದೆ. ಓಡುವಾಗ ಬೇರಿಂಗ್ ಕಾದು ಹಿಗ್ಗುತ್ತದೆ, ಅದಕ್ಕೆ ಜಾಗ ಬೇಕು. ಜಾಗ ಇಲ್ಲದಿದ್ದರೆ ಸುಡುತ್ತದೆ, ಜಾಗ ಹೆಚ್ಚಾದರೆ ಅಲ್ಲಾಡಿ ಕೆಡುತ್ತದೆ. ಮೂವತ್ತು ಮಕ್ಕಳ ವರ್ಗ ನಡೆಸುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಲಾಕ್ ವಾಷರ್, ಹೊರನಟ್ಟು, ವಾಷರಿನ ಅಂಚು ಮಡಚುವುದು.

ಗಾಡಿ ತಯಾರಾಯಿತು. ಆದರೆ ಮಿಸ್ತ್ರಿ, "ಒಂದು ನೂರು ಕಿಲೋಮೀಟರ್ ಓಡೂ ತನಕ ಮಕ್ಕಳನ್ನ ಕೂಡಸಬ್ಯಾಡ್ರಿ" ಅಂದ. ಇಬ್ಬರೇ ಮೈಂದರ್ಗಿ ಕಡೆಗೆ ಹೋಗಿ ಬಂದೆವು. ಇಳಿದ ಕೂಡಲೇ ಎರಡೂ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿದ. ಎರಡೂ ಒಂದೇ ಸಮ, ಉಗುರುಬೆಚ್ಚಗೆ. ಮರುವಾರ ಮತ್ತೆ ಬಂದು ಬಿಗಿ ಪರೀಕ್ಷಿಸಿ, ಇನ್ನು ಕೂರಿಸಿ ಅಂದ. ಅಣ್ಣ ನೋಡಿ, "ಅಪ್ಪ ಇದ್ದಂಗ ಆತು ಗಾಡಿ" ಅಂದ. ಭಂಗಾರದ ಮಾತು ಮತ್ತೆ ಎತ್ತಲಿಲ್ಲ.

ದುಡ್ಡು ಕೊಡಲು ಹೋದಾಗ ಸಾಮಾನಿನದಷ್ಟೇ ತೆಗೆದುಕೊಂಡ. ಕೂಲಿ ಬೇಡ ಅಂದ. ನಾನು ಬಿಡಲಿಲ್ಲ. ಕೆಲಸಕ್ಕೆ ಕೂಲಿ ಕೊಡದಿದ್ದರೆ ಅದೂ ಇನ್ನೊಂದು ನಮೂನೆಯ ಬೈಗುಳವೇ. ತೆಗೆದುಕೊಂಡ. ಹೊರಡುವಾಗ ನಿಂತು ಒಂದು ಪ್ರಶ್ನೆ ಕೇಳಿದ. "ಸರ್, ಮಗಗ ನಾಲ್ಕು ವರ್ಷ ಮುಗದಾವ. ಯಾವ ಸಾಲಿಗೆ ಹಾಕ್ಲಿ? ಖರೇ ಹೇಳ್ರಿ."

ಈ ಪ್ರಶ್ನೆ ನಮ್ಮಂಥವರಿಗೆ ಎಷ್ಟು ಕಠಿಣ ಅಂತ ಗಡಿಯಾಚೆಯ ಕನ್ನಡ ಶಿಕ್ಷಕರಿಗೆಲ್ಲ ಗೊತ್ತು. ನಮಗೆ ಪಟಸಂಖ್ಯೆಯ ಚಿಂತೆ ಇದೆ. ಒಂದೊಂದು ಮಗುವಿನ ಮೇಲೆ ಶಿಕ್ಷಕರ ಹುದ್ದೆ ನಿಂತಿರುತ್ತದೆ. ಹಾಗಾಗಿ ನಾವು ಕೊಡುವ ಉತ್ತರದಲ್ಲಿ ನಮ್ಮ ಸ್ವಾರ್ಥವೂ ಸೇರಿರುತ್ತದೆ. ಪುಣೆಯ ಬಾಲಭಾರತಿ ಕನ್ನಡದಲ್ಲಿ ಪುಸ್ತಕ ಮುದ್ರಿಸುತ್ತದೆ, ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಮನೆಮಾತಿನಲ್ಲಿ ಕಲಿತದ್ದು ಬೇರು ಬಿಡುತ್ತದೆ, ಅದಕ್ಕೆ ಲೇಥಿನ ಅಂಗಡಿಯಲ್ಲಿ ಅವನೇ ಸಾಕ್ಷಿ. ಆದರೆ ಐಟಿಐಯ ಆ ಮೊದಲ ತಿಂಗಳಿಗೂ ಅವನೇ ಸಾಕ್ಷಿಯಲ್ಲವೆ? ಅರ್ಧ ಸತ್ಯ ಹೇಳಲು ಬಾಯಿ ಬರಲಿಲ್ಲ.

"ನನ್ನ ಮಾತು ನಂಬಬ್ಯಾಡ ತಮ್ಮಾ. ಗಾಲಿ ಅಲ್ಲಾಡಿಸಿ ನೋಡ್ದಂಗ ಸಾಲಿಗೂ ಬಂದು ನೋಡು. ಹಿಂದ ಕೂಡು, ಮಕ್ಕಳನ್ನ ಕೇಳು. ಆಮ್ಯಾಲ ನಿರ್ಧಾರ ಮಾಡು" ಅಂದೆ.

ನಿಜವಾಗಿಯೂ ಬಂದ. ಒಂದು ಶನಿವಾರ ಬೆಳಗಿನ ಶಾಲೆಗೆ, ಗ್ರೀಸಿನ ಕೈ ತೊಳೆದುಕೊಂಡು. ಜೊತೆಗೆ ನಮ್ಮ ಸುಟ್ಟ ಬೇರಿಂಗನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ನಾನು ಘರ್ಷಣೆಯ ಪಾಠ ನಡೆಸಿದ್ದೆ. ಮೇಜಿನ ಮೇಲೆ ಪುಸ್ತಕದ ಗಂಟನ್ನು ಎಳೆಸಿದೆ, ಆಮೇಲೆ ಕೆಳಗೆ ನಾಲ್ಕು ಪೆನ್ಸಿಲ್ ಇಟ್ಟು ಎಳೆಸಿದೆ. ಬೇರಿಂಗ್ ಕೈಯಿಂದ ಕೈಗೆ ಹೋಯಿತು. ವಸ್ತಿಯ ಆ ಹುಡುಗಿ ಅದನ್ನು ಮೂಸಿ ನೋಡಿ, "ಆವತ್ತು ಇದಽ ವಾಸ್ನಿ ಬಂದಿತ್ರಿ ಸರ್" ಅಂದಳು. ಹೌದು, ಇದೇ ಅಂದೆ. ನನ್ನ ತಪ್ಪನ್ನೂ ಹೇಳಿದೆ. ವರ್ಗ ಸ್ತಬ್ಧವಾಗಿ ಕೇಳಿತು.

ಮಿಸ್ತ್ರಿ ಒಂದೇ ಪ್ರಶ್ನೆ ಕೇಳಿದ. "ಘರ್ಷಣೆಗೆ ಇಂಗ್ಲಿಷಿನ್ಯಾಗ ಏನಂತಾರ?" ಒಬ್ಬರೂ ಕೈ ಎತ್ತಲಿಲ್ಲ. ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಆಕ್ಷೇಪಣೆ ಇರಲಿಲ್ಲ. ಗಾಲಿ ಅಲ್ಲಾಡಿಸಿ ಸಡಿಲು ಎಲ್ಲಿದೆ ಅಂತ ತೋರಿಸಿದ, ಅಷ್ಟೆ.

ಅಂದಿನಿಂದ ನನ್ನ ಹಲಗೆಯ ಬಲಗಡೆ ಒಂದು ಪಟ್ಟಿ ಇರುತ್ತದೆ. ಪಾಠ ಕನ್ನಡದಲ್ಲೇ. ಕೊನೆಯ ಐದು ನಿಮಿಷ ಶಬ್ದಗಳಿಗೆ. ಘರ್ಷಣೆ ಮರಾಠಿಯಲ್ಲಿ ಘರ್ಷಣ, ಇಂಗ್ಲಿಷಿನಲ್ಲಿ ಫ್ರಿಕ್ಷನ್. ಒತ್ತಡ ಅಲ್ಲಿ ದಾಬ, ಇಲ್ಲಿ ಪ್ರೆಶರ್. ವೇಗೋತ್ಕರ್ಷ ಅಲ್ಲಿ ತ್ವರಣ, ಇಲ್ಲಿ ಆಕ್ಸಿಲರೇಷನ್. ಜಡತ್ವ ಎರಡು ಭಾಷೆಯಲ್ಲೂ ಜಡತ್ವವೇ ಅಂತ ಗೊತ್ತಾದಾಗ ಮಕ್ಕಳಿಗೆ ಖುಷಿಯೋ ಖುಷಿ. ಲಘುತ್ತಮ ಮಾಪ ಅಂದರೆ ಲೀಸ್ಟ್ ಕೌಂಟ್ ಅಂತ ನಾನೇ ದೊಡ್ಡ ಅಕ್ಷರದಲ್ಲಿ ಬರೆದು ವರ್ನಿಯರಿನ ಪಕ್ಕದಲ್ಲಿ ಅಂಟಿಸಿದ್ದೇನೆ. ಐದು ನಿಮಿಷದ ಕೆಲಸ. ಇಷ್ಟು ವರ್ಷ ಮಾಡಿರಲಿಲ್ಲ. ಒಳಗಿನ ಬುಷ್ ಯಾರಿಗೂ ಕಾಣುವುದಿಲ್ಲ ನೋಡಿ, ಸದ್ದು ಬರುವ ತನಕ ಅದರ ನೆನಪೂ ಆಗುವುದಿಲ್ಲ.

ಮಿಸ್ತ್ರಿ ಇನ್ನೂ ನಿರ್ಧಾರ ಹೇಳಿಲ್ಲ. ನಾನೂ ಕೇಳಿಲ್ಲ. ಆಗಾಗ ಶನಿವಾರ ಬಂದು ಹಲಗೆಯ ಬಲಗಡೆ ನೋಡಿ ಹೋಗುತ್ತಾನೆ. ಮಳೆಗಾಲ ಮುಗಿದ ಮೇಲೆ ನಾಲ್ಕೂ ಗಾಲಿ ಬಿಚ್ಚಿ ಗ್ರೀಸ್ ತುಂಬಿದ್ದೇನೆ, ಈ ಸಲ ನನ್ನ ಕೈಯಾರೆ. ಪ್ರತಿ ತಿಂಗಳ ಮೊದಲ ದಿನ ಜಾಕ್ ಹಚ್ಚಿ ಎಡಗಡೆಯ ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡುತ್ತೇನೆ. ಬೆರಳಿನ ಸುಟ್ಟ ಕಲೆ ಇನ್ನೂ ಇದೆ.